ಪರಸ್ಪರ ಸಹಾಯವೋ, ಸರಕಾರದ ಆಶ್ರಯವೋ? — ‘ಯಶಸ್ವಿನಿ’ ಆರೋಗ್ಯ ಯೋಜನೆಯ ಒಂದು ವಿಮರ್ಶೆ

ಕರ್ನಾಟಕದ ಸಹಕಾರಿ ರೈತರ ಆರೋಗ್ಯರಕ್ಷಣೆಗೆಂದು ೨೦೦೨ರಲ್ಲಿ ಉದ್ಘಾಟನೆಗೊಂಡ ‘ಯಶಸ್ವಿನಿ’ ಯೋಜನೆಯನ್ನು ಕುರಿತು ನಾವು ಓದಿರುವ ಬರಹಗಳಲ್ಲಿ ಹೆಚ್ಚಿನವು ಅರ್ಥಶಾಸ್ತ್ರಜ್ಞರವು, ಇಲ್ಲವೆ ವೈದ್ಯರವು. ಎಷ್ಟು ಜನ ಸೇರಿದರು, ಎಷ್ಟು ಹಣ ಕೂಡಿತು, ಎಷ್ಟು ಶಸ್ತ್ರಕ್ರಿಯೆಗಳು ನಡೆದುವು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರ ದೊರೆಯುತ್ತದೆ. ಈ ಪ್ರಶ್ನೆಗಳು ಸಣ್ಣವಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಅವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದು ಉಳಿದುಹೋಗಿದೆ ಎನಿಸುತ್ತದೆ. ಈ ಯೋಜನೆ ಯಾರದು? ಇದನ್ನು ಸಮುದಾಯದ ಆಧಾರದ ಮೇಲೆ ನಿಂತ ಆರೋಗ್ಯವಿಮೆ ಎಂದು ವಿದ್ವಾಂಸರು ವರ್ಗೀಕರಿಸಿದ್ದಾರೆ. ಜಗತ್ತಿನ ಪರಸ್ಪರ ಆರೋಗ್ಯ ಸಂಘಗಳ ಸಾಲಿನಲ್ಲಿ ಇದಕ್ಕೆ ಹಿರಿಯ ಸ್ಥಾನವನ್ನೂ ಕೊಟ್ಟಿದ್ದಾರೆ. ಆ ಹೆಸರು ಇದಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ. ಹೆಸರಿನ ಬಗೆಗೆ ಇಷ್ಟೇಕೆ ಜಗಳವೆಂದು ವಾಚಕರು ಕೇಳಬಹುದು. ೨೦೧೮ರ ಮೇ ತಿಂಗಳ ಕೊನೆಯಲ್ಲಿ ಈ ಯೋಜನೆ ನಿಂತುಹೋದಾಗ, ಅದರ ಸದಸ್ಯರೆನಿಸಿಕೊಂಡಿದ್ದ ನಾಲ್ವತ್ತು ಲಕ್ಷಕ್ಕೂ ಮೀರಿದ ಜನರಲ್ಲಿ ಒಬ್ಬನಿಗೂ ಆ ನಿರ್ಣಯದ ಮೇಲೆ ಮತ ಹಾಕುವ ಅಧಿಕಾರವಿರಲಿಲ್ಲ. ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಪರಸ್ಪರ ಆರೋಗ್ಯ ಸಂಘವೆಂದರೇನು? ಕೆಲವು ಜನ ಕೂಡಿ, ತಮ್ಮಲ್ಲಿ ಯಾರು ಯಾವಾಗ ಬೇನೆ ಬೀಳುವರೋ ತಿಳಿಯದಿರುವಾಗಲೇ ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ, ಬಿದ್ದವನಿಗೆ ಅದರಿಂದ ನೆರವಾಗುವ ಏರ್ಪಾಡು. ಇಷ್ಟು ಹೇಳಿದರೆ ಅರ್ಧ ಹೇಳಿದಂತಾಯಿತು. ಎಷ್ಟು ಹಾಕಬೇಕು, ಯಾವ ಬೇನೆಗೆ ಕೊಡಬೇಕು, ಯಾರನ್ನು ಸೇರಿಸಬೇಕು ಎಂಬುದನ್ನೂ ಹಾಕಿದವರೇ ಗೊತ್ತುಮಾಡುವುದು ಮಿಕ್ಕ ಅರ್ಧ. ಇಂಗ್ಲೆಂಡಿನ ಕೂಲಿಕಾರರು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಕಟ್ಟಿಕೊಂಡ ಸ್ನೇಹಸಂಘಗಳು ಈ ಎರಡೂ ಅರ್ಧಗಳನ್ನು ಒಳಗೊಂಡಿದ್ದುವು. ವೈದ್ಯನನ್ನು ವರ್ಷಕ್ಕಿಷ್ಟು ಎಂದು ಗೊತ್ತುಮಾಡಿ ನೇಮಿಸಿಕೊಳ್ಳುತ್ತಿದ್ದವರೂ ಸರಿಕಾಣದಿದ್ದರೆ ಬಿಡಿಸುತ್ತಿದ್ದವರೂ ಸದಸ್ಯರೇ. ಆ ಕಾಲದ ವೈದ್ಯರಿಗೆ ಇದು ಬಹಳ ಅಸಮಾಧಾನದ ವಿಷಯವಾಗಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಹತ್ತಿರದ ಪದ್ಧತಿಗಳು ಇಲ್ಲದಿಲ್ಲ. ಮುಯ್ಯಿ ಎಂಬ ಮಾತನ್ನು ಎಲ್ಲರೂ ಬಲ್ಲರು. ಮದುವೆಯಲ್ಲಿ ಕೊಟ್ಟದ್ದನ್ನು ಮದುವೆಯಲ್ಲಿ ತಿರುಗಿಸುವುದು, ಬಿತ್ತನೆಗೆ ಬಂದ ಆಳಿಗೆ ಬಿತ್ತನೆಗೇ ಹೋಗಿ ತೀರಿಸುವುದು ಅದರ ಕ್ರಮ. ಉತ್ತರ ಕರ್ನಾಟಕದಲ್ಲಿ ‘ಭಿಸಿ’ ಎಂದು ಕರೆಯುವ ಚೀಟಿಯಲ್ಲಿಯೂ ಪ್ರತಿಯೊಬ್ಬರಿಗೂ ಒಂದು ಸರತಿ ಬಂದೇ ಬರುತ್ತದೆ. ಆರೋಗ್ಯ ಸಂಘದ ಸ್ವಭಾವವೇ ಬೇರೆ. ಅಲ್ಲಿ ಸರತಿ ಬಾರದಿದ್ದವನೇ ಅದೃಷ್ಟವಂತ. ಮುಯ್ಯಿಯ ಲೆಕ್ಕದಲ್ಲಿ ಬೆಳೆದ ಮನಸ್ಸಿಗೆ ‘ಹೋದ ವರ್ಷ ಕಟ್ಟಿದ್ದು ನೀರಿನಲ್ಲಿ ಹೋಯಿತು’ ಎಂದೆನಿಸುವುದು ಸಹಜವಾಗಿದೆ. ಇದನ್ನು ಹಳ್ಳಿಯವರ ಅಜ್ಞಾನವೆಂದು ಬರೆದುಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಹಣ ಎಲ್ಲಿ ಹೋಯಿತೆಂದು ಕೇಳುವ ಸಭೆಯೊಂದು ಇದ್ದು, ‘ಈ ವರ್ಷ ನಮ್ಮೂರಿನ ಇಂಥವರ ಹೃದಯದ ಶಸ್ತ್ರಕ್ರಿಯೆಗೆ ಹೋಯಿತು’ ಎಂಬ ಉತ್ತರ ಆ ಸಭೆಯಲ್ಲಿ ದೊರೆತರೆ ಆ ಮನಸ್ಸೇ ಬೇರೆ ಲೆಕ್ಕವನ್ನು ಕಲಿಯುತ್ತದೆ.

ಇನ್ನು ಸಹಕಾರದ ಚರಿತ್ರೆಗೆ ಬರೋಣ. ಯಶಸ್ವಿನಿಯು ನಿಂತಿರುವುದು ಸಹಕಾರ ಸಂಘಗಳ ಮೇಲೆ. ೧೮೭೬-೭೮ರ ಬರಗಾಲದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆ, ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ೧೮೭೨ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು. ರೈತನ ಸಾಲದ ಪ್ರಶ್ನೆಯನ್ನು ಆಳುವವರು ಗಂಭೀರವಾಗಿ ಎತ್ತಿಕೊಳ್ಳಲು ೧೮೭೫ರ ದಖ್ಖನಿನ ದಂಗೆಗಳೂ ಅದರ ಬೆನ್ನಿಗೆ ಬಂದ ಈ ಬರಗಾಲವೂ ಕಾರಣವಾದುವು. ೧೯೦೪ರಲ್ಲಿ ಸಹಕಾರಿ ಸಾಲಸಂಘಗಳ ಶಾಸನ ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘವೊಂದು ಹುಟ್ಟಿತು. ಈ ದೇಶದ ಮೊದಲ ಕೃಷಿ ಸಾಲಸಂಘವೆಂದು ಅದಕ್ಕೆ ಖ್ಯಾತಿಯಿದೆ. ಕನ್ನಡಿಗರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದುದೇ. ಆದರೆ ಹೆಮ್ಮೆಯ ನಡುವೆ ಒಂದು ಮಾತು ಮರೆಯಾಗುತ್ತದೆ. ೧೯೦೪ರ ಶಾಸನ ಸಾಲಸಂಘಗಳಿಗಷ್ಟೇ ಎಡೆಕೊಟ್ಟಿತು. ಬೇರೆ ಬಗೆಯ ಸಂಘಗಳಿಗೆ ದಾರಿಯಾದದ್ದು ೧೯೧೨ರ ಶಾಸನದಿಂದ. ಎರಡರಲ್ಲಿಯೂ ಸಂಘದ ಮೇಲೆ ರಿಜಿಸ್ಟ್ರಾರನೆಂಬ ಸರಕಾರಿ ಅಧಿಕಾರಿ ಕುಳಿತನು. ೧೮೪೪ರಲ್ಲಿ ರಾಚ್‌ಡೇಲಿನ ನೇಯ್ಗೆಯವರು ಅಂಗಡಿಯನ್ನು ಮೊದಲು ತೆರೆದರು, ಶಾಸನ ಆಮೇಲೆ ಬಂದಿತು. ನಮ್ಮಲ್ಲಿ ಶಾಸನ ಮೊದಲು, ಸಂಘ ಆಮೇಲೆ. ಈ ಹುಟ್ಟಿನ ಗುಣ ಇಂದಿಗೂ ಪೂರ್ತಿ ಹೋಗಿಲ್ಲ.

ವಿಮೆಯ ಕ್ಷೇತ್ರದಲ್ಲಿಯೂ ಇದೇ ಕಥೆ, ಸ್ವಲ್ಪ ಬೇರೆ ದಾರಿಯಲ್ಲಿ. ಪರಸ್ಪರ ಪದ್ಧತಿಯ ಜೀವವಿಮಾ ಸಂಘಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮುಂಬಯಿಯಲ್ಲಿ ಹುಟ್ಟಿದ್ದುವು. ಬಾಂಬೆ ಮ್ಯೂಚುಯಲ್ ಅವುಗಳಲ್ಲಿ ಹೆಸರಾದುದು. ೧೯೩೮ರ ವಿಮಾಶಾಸನ ಇಂಥ ಸಂಘಗಳನ್ನು ಮನ್ನಿಸಿತ್ತು. ೧೯೫೬ರಲ್ಲಿ ಜೀವವಿಮೆ ರಾಷ್ಟ್ರೀಕರಣವಾದಾಗ ೨೪೫ ಸಂಸ್ಥೆಗಳು ಒಂದೇ ನಿಗಮದಲ್ಲಿ ಲೀನವಾದುವು. ೧೯೭೨ರ ಶಾಸನದಿಂದ ಸಾಮಾನ್ಯ ವಿಮೆಯೂ ಸರಕಾರದ ಕೈಗೆ ಬಂದಿತು. ೧೯೯೯ರಲ್ಲಿ ಮತ್ತೆ ಬಾಗಿಲು ತೆರೆದಾಗ ಒಳಗೆ ಬರಬೇಕಾದವನು ನೂರು ಕೋಟಿ ರೂಪಾಯಿಗಳ ಬಂಡವಾಳವನ್ನು ತೋರಿಸಬೇಕಾಯಿತು. ಹತ್ತು ಹಳ್ಳಿಗಳ ರೈತರು ಕೂಡಿ ಒಂದು ಆರೋಗ್ಯವಿಮಾ ಸಂಘವನ್ನು ತಾವೇ ನಡೆಯಿಸಲು ಆ ಬಾಗಿಲಿನಲ್ಲಿ ಇಂಬಿಲ್ಲ. ಯಶಸ್ವಿನಿಯು ವಿಮಾಸಂಸ್ಥೆಯಾಗದೆ ವಿಶ್ವಸ್ತ ಮಂಡಳಿಯ ರೂಪದಲ್ಲಿ ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಯೋಜನೆಯ ಕಲ್ಪನೆ ಬೆಂಗಳೂರಿನ ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿಯವರದು. ಆಗಿನ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರ ಸರಕಾರ ಅದನ್ನು ಎತ್ತಿಕೊಂಡಿತು. ೨೦೦೨ರ ನವೆಂಬರ್ ೧೪ರಂದು ಉದ್ಘಾಟನೆಯಾಗಿ ೨೦೦೩ರ ಜೂನ್ ೧ರಿಂದ ಕೆಲಸ ಆರಂಭವಾಯಿತು. ಸದಸ್ಯನು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ೬೦ ರೂಪಾಯಿ ಕಟ್ಟಬೇಕು; ಸರಕಾರ ತಲೆಗೆ ೩೦ ರೂಪಾಯಿ ಸೇರಿಸಬೇಕು. ಸಹಕಾರ ಸಂಘದಲ್ಲಿ ಆರು ತಿಂಗಳಾದರೂ ಸದಸ್ಯನಾಗಿದ್ದವನೂ ಅವನ ಕುಟುಂಬದವರೂ ಸೇರಬಹುದು. ಒಂದು ಶಸ್ತ್ರಕ್ರಿಯೆಗೆ ಒಂದು ಲಕ್ಷ, ವರ್ಷಕ್ಕೆ ಎರಡು ಲಕ್ಷ ರೂಪಾಯಿಗಳವರೆಗೆ ಗೊತ್ತಾದ ಆಸ್ಪತ್ರೆಗಳಲ್ಲಿ ಹಣ ಕೊಡದೆ ಚಿಕಿತ್ಸೆ. ಮೊದಲೇ ಇದ್ದ ರೋಗವೆಂದು ಯಾರನ್ನೂ ತಿರುಗಿಸಿ ಕಳುಹಿಸುವಂತಿಲ್ಲ. ಮಾರುಕಟ್ಟೆಯ ವಿಮೆಯನ್ನು ಬಲ್ಲವರಿಗೆ ಈ ಕೊನೆಯ ನಿಯಮದ ಬೆಲೆ ತಿಳಿದೀತು. ಮೊದಲನೆಯ ವರ್ಷದಲ್ಲಿಯೇ ೧೬ ಲಕ್ಷ ಜನ ಸೇರಿದರು. ಹಣ ಕೂಡಿಸಿದವರು ಊರಿನ ಪ್ರಾಥಮಿಕ ಸಂಘಗಳ ಕಾರ್ಯದರ್ಶಿಗಳು. ಬೇರೆ ಯಾವ ಸಂಸ್ಥೆಯೂ ಇಷ್ಟು ಕಡಿಮೆ ವೆಚ್ಚದಲ್ಲಿ ಇಷ್ಟು ಹಳ್ಳಿಗಳ ಬಾಗಿಲನ್ನು ತಟ್ಟಲಾರದು. ಸಂಘಗಳ ಸದಸ್ಯಪಟ್ಟಿಯೇ ಯೋಜನೆಯ ನಿಜವಾದ ಬಂಡವಾಳವಾಗಿದ್ದಿತು.

ಇದರ ಫಲವನ್ನು ನಾವು ಅಲ್ಲಗಳೆಯುವುದಿಲ್ಲ. ಅರಾಧನಾ ಅಗರವಾಲರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೇರಿದವರು ಚಿಕಿತ್ಸೆಯನ್ನು ಹೆಚ್ಚಾಗಿ ಪಡೆದರು, ಅವರ ಕೈಯಿಂದ ಹೋಗುವ ಹಣ ಕಡಿಮೆಯಾಯಿತು ಎಂದು ತೋರಿಸಿದ್ದಾರೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಈ ಫಲ ಅನುಕೂಲಸ್ಥ ಮನೆತನಗಳಲ್ಲಿ ಹೆಚ್ಚು ಎದ್ದುಕಂಡಿತು. ಯೋಜನೆಯನ್ನು ಹೊಗಳುವವರು ಮೊದಲಿನ ಮಾತನ್ನು ಎತ್ತಿ ಹೇಳಿ ಎರಡನೆಯದನ್ನು ಬಿಟ್ಟುಬಿಡುವುದುಂಟು. ಎರಡನೆಯದಕ್ಕೆ ಕಾರಣ ಊಹಿಸಲಾರದ್ದೇನಲ್ಲ. ಶಸ್ತ್ರಕ್ರಿಯೆ ಉಚಿತವಾದರೂ ದೊಡ್ಡ ಊರಿಗೆ ಹೋಗುವ ದಾರಿಖರ್ಚು, ಜೊತೆಗಾರನ ಊಟ, ಬಿಟ್ಟುಹೋದ ಕೂಲಿ, ಇವು ಉಚಿತವಲ್ಲ. ಅಲ್ಲದೆ ಆರಂಭದಲ್ಲಿ ಯೋಜನೆ ಶಸ್ತ್ರಕ್ರಿಯೆಗೇ ಮೀಸಲಾಗಿದ್ದು, ಹಾವು ಕಡಿತ, ಎತ್ತಿನ ಇರಿತ, ಒಕ್ಕಲುತನದ ಯಂತ್ರಗಳಿಂದಾದ ಗಾಯ, ಸಹಜ ಹೆರಿಗೆ ಮುಂತಾದವು ಮುಂದೆ ಸೇರಿದುವು. ರೈತನ ಬದುಕಿನಲ್ಲಿ ಎತ್ತಿನ ಇರಿತಕ್ಕೆ ಹೃದಯದ ಕವಾಟಕ್ಕಿಂತ ಮೊದಲ ಸ್ಥಾನವಿದೆ ಎಂಬುದು ರೈತರೇ ನಿಯಮ ಮಾಡಿದ್ದರೆ ಮೊದಲ ದಿನವೇ ತಿಳಿಯುತ್ತಿದ್ದಿತು.

ಇಲ್ಲಿಗೆ ನಮ್ಮ ಆಕ್ಷೇಪದ ಮುಖ್ಯ ಭಾಗಕ್ಕೆ ಬಂದೆವು. ವಿಶ್ವಸ್ತ ಮಂಡಳಿಯಲ್ಲಿ ಸರಕಾರದ ಅಧಿಕಾರಿಗಳಿದ್ದರು, ವೈದ್ಯರಿದ್ದರು. ಅದು ಪ್ರಾಥಮಿಕ ಸಂಘಗಳ ಮಹಾಸಭೆಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಆಯ್ದುಬಂದ ಮಂಡಳಿಯಾಗಿರಲಿಲ್ಲ. ಸಂಘ ಹಣ ಕೂಡಿಸಿತು, ಪಟ್ಟಿ ಬರೆಯಿತು, ಗುರುತಿನ ಚೀಟಿ ಹಂಚಿತು. ದರವನ್ನು ಗೊತ್ತುಮಾಡಲಿಲ್ಲ, ಆಸ್ಪತ್ರೆಯನ್ನು ಆರಿಸಲಿಲ್ಲ, ಆಸ್ಪತ್ರೆ ಮೇಲ್ಹಣ ಕೇಳಿದರೆ ವಿಚಾರಿಸುವ ಅಧಿಕಾರವನ್ನೂ ಪಡೆಯಲಿಲ್ಲ. ಹೀಗಾಗಿ ಪರಸ್ಪರ ಸಂಘದ ಎರಡು ಅರ್ಧಗಳಲ್ಲಿ ಹಣ ಹಾಕುವ ಅರ್ಧ ಮಾತ್ರ ಸದಸ್ಯನ ಪಾಲಿಗೆ ಬಂದಿತು.

ಇದರ ಪರಿಣಾಮ ಮೂರನೆಯ ವರ್ಷಕ್ಕೇ ಕಂಡಿತು. ಎರಡನೆಯ ವರ್ಷದಲ್ಲಿ ೨೦ ಲಕ್ಷಕ್ಕೇರಿದ್ದ ಸದಸ್ಯಸಂಖ್ಯೆ, ೨೦೦೫ರಲ್ಲಿ ವಂತಿಗೆ ೬೦ರಿಂದ ೧೨೦ ರೂಪಾಯಿಗೆ ಏರಿದಾಗ ೧೫ ಲಕ್ಷದೊಳಕ್ಕೆ ಇಳಿಯಿತು. ಬೆಲೆ ಎರಡರಷ್ಟಾದರೆ ಕೊಳ್ಳುವವರು ಕಡಿಮೆಯಾಗುವುದು ಅರ್ಥಶಾಸ್ತ್ರದ ಮೊದಲ ಪಾಠವೆಂದು ಹೇಳಿ ಇದನ್ನು ಮುಗಿಸಬಹುದು. ಆದರೆ ಆ ವಿವರಣೆಯಲ್ಲಿ ರೈತನು ಕೊಳ್ಳುವವನು, ಸದಸ್ಯನಲ್ಲ. ಸ್ನೇಹಸಂಘಗಳಲ್ಲಿಯೂ ವಂತಿಗೆ ಏರುತ್ತಿದ್ದಿತು. ಏರಿಸುವ ಮೊದಲು ಲೆಕ್ಕ ಮುಂದಿಟ್ಟು ವಾದಿಸಿ ಕೈಯೆತ್ತಿಸುವ ಸಭೆ ಸೇರುತ್ತಿದ್ದಿತು. ನಿಧಿ ಏಕೆ ಸಾಲದಾಯಿತೆಂದು ಕೇಳಿ ತಿಳಿದವನು ೧೨೦ ರೂಪಾಯಿಗೂ ಉಳಿದಾನು. ಬೇಡವೆಂದರೆ ಚಿಕಿತ್ಸೆಗಳ ಪಟ್ಟಿಯನ್ನು ಚಿಕ್ಕದು ಮಾಡಲು ಹೇಳಿಯಾನು. ಹೀಗೆ ಕೇಳುವವರಿಲ್ಲದಾಗ ಉಳಿದದ್ದು ಬಿಟ್ಟುಹೋಗುವ ದಾರಿಯೊಂದೇ. ಬೇನೆಯಿಲ್ಲದವನು ಮೊದಲು ಬಿಡುತ್ತಾನೆ, ಬೇನೆಯಿದ್ದವನು ಉಳಿಯುತ್ತಾನೆ. ನಿಧಿಯ ಮೇಲಿನ ಭಾರ ಮತ್ತೆ ಹೆಚ್ಚುತ್ತದೆ. ಮುಂದಿನ ವರ್ಷಗಳಲ್ಲಿ ಸಂಖ್ಯೆ ಏರಿ ನಾಲ್ವತ್ತು ಲಕ್ಷವನ್ನು ದಾಟಿದ್ದು ನಿಜ. ೨೦೧೧ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ ೬ ಕೋಟಿ ೧೧ ಲಕ್ಷ. ಲೆಕ್ಕ ಹಾಕಿದರೆ ನೂರಕ್ಕೆ ಏಳರ ಆಸುಪಾಸು. ಸಾರ್ವತ್ರಿಕವೆಂಬ ಮಾತಿಗೆ ಇದು ಬಹಳ ದೂರ.

ದೂರ ಏಕೆ ಉಳಿಯಿತೆಂಬುದನ್ನು ಒಂದು ಊರಿನ ನೆಲದ ಮೇಲೆ ನಿಂತು ನೋಡುವುದು ಒಳ್ಳೆಯದು. ವಿಜಯಪುರ ಜಿಲ್ಲೆಯ ಕೊಲ್ಹಾರ ಕೃಷ್ಣೆಯ ಉತ್ತರ ದಂಡೆಯ ಊರು. ಬಹುಕಾಲ ಬಸವನ ಬಾಗೇವಾಡಿ ತಾಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲೂಕಿನ ಕೇಂದ್ರವಾಗಿದೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವವರು ಅಲ್ಲಿಯ ಉದ್ದವಾದ ಸೇತುವೆಯನ್ನೂ ಗಡಿಗೆಯ ಗಟ್ಟಿ ಮೊಸರನ್ನೂ ಬಲ್ಲರು. ೧೯೬೪ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಕೊಲ್ಹಾರವನ್ನು ನುಂಗಿತು. ಜನ ಹೊಸ ಊರಿಗೆ ಬಂದರು. ಇಂಥ ಊರಿನಲ್ಲಿ ಯಶಸ್ವಿನಿಯ ಬಾಗಿಲಿನೊಳಗೆ ಯಾರು ಬರಬಲ್ಲರು?

ಪ್ರಾಥಮಿಕ ಕೃಷಿ ಪತ್ತಿನ ಸಂಘವೆಂಬುದು ಮುಖ್ಯವಾಗಿ ಹೊಲವುಳ್ಳವನ ಸಂಘ. ಸಾಲಕ್ಕೆ ಆಧಾರ ಪಹಣಿ. ಹೊಲ ನೀರಿನಡಿಗೆ ಹೋದವನು ಪರಿಹಾರದ ಹಣದಿಂದ ಬೇರೆ ಕಡೆ ಹೊಲ ಕೊಳ್ಳದಿದ್ದರೆ ಆ ಸಂಘಕ್ಕೆ ಅವನಿಂದೇನು, ಅವನಿಗೆ ಆ ಸಂಘದಿಂದೇನು? ಹಾಲಿನ ಸಂಘಕ್ಕೆ ಹಾಲು ಹಾಕುವವರಿಗೆ ಇನ್ನೊಂದು ಬಾಗಿಲಿದೆ. ಆದರೆ ಮನೆಯ ಎಮ್ಮೆಯ ಹಾಲನ್ನು ತಾನೇ ಹೆಪ್ಪುಹಾಕಿ, ಗಡಿಗೆಯನ್ನು ತಲೆಯ ಮೇಲೆ ಹೊತ್ತು ತಾನೇ ಮಾರುವ ಹೆಂಗಸು ಹಾಲಿನ ಸಂಘದ ಲೆಕ್ಕದಲ್ಲಿ ಬರುವುದಿಲ್ಲ. ಊರಿಗೆ ಹೆಸರು ತಂದ ಕಸುಬೇ ಅವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಕೃಷ್ಣೆಯ ಮೀನುಗಾರರಿಗೆ ಸಂಘವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೋವೆಗೋ ಮಹಾರಾಷ್ಟ್ರದ ಕಬ್ಬಿನ ಸೀಮೆಗೋ ದುಡಿಯಲು ಗುಳೆ ಹೋಗುವ ಕುಟುಂಬಗಳು ಈ ಜಿಲ್ಲೆಯ ಎಲ್ಲ ತಾಲೂಕುಗಳಲ್ಲಿಯೂ ಇವೆ. ವಂತಿಗೆ ಕಟ್ಟುವ ಗಡುವು ಅವರು ಊರಿನಲ್ಲಿಲ್ಲದ ತಿಂಗಳಿನಲ್ಲಿ ಬಿದ್ದರೆ ಆ ವರ್ಷವೇ ಹೋಯಿತು. ಇವರೆಲ್ಲರೂ ಬಡವರು, ಬೇನೆಗೆ ಹೆಚ್ಚು ಒಳಗಾಗುವವರೂ ಇವರೇ. ಸಹಕಾರದ ಸದಸ್ಯತ್ವವನ್ನೇ ಆರೋಗ್ಯದ ಹಕ್ಕಿಗೆ ಕೀಲಿಕೈ ಮಾಡಿದ ಮೇಲೆ ಸಹಕಾರದಲ್ಲಿ ಯಾರಿಲ್ಲವೋ ಅವರು ಆರೋಗ್ಯದಲ್ಲಿಯೂ ಇಲ್ಲದಂತಾಗುವುದು ಅನಿವಾರ್ಯ.

ಹಾಗಾದರೆ ಕೊಲ್ಹಾರದವರೆಲ್ಲ ಕೂಡಿ ತಮ್ಮದೇ ಸಂಘವನ್ನು ಕಟ್ಟಿಕೊಳ್ಳಬಾರದೆ? ಮಾತು ಸೊಗಸಾಗಿದೆ, ಆದರೆ ಬರಗಾಲದ ಚರಿತ್ರೆಯನ್ನು ಓದಿದವರು ಅದಕ್ಕೆ ಬೇಗ ಒಪ್ಪಲಾರರು. ಒಂದೇ ಊರಿನ ಜನ ಒಂದೇ ಮಳೆಯನ್ನು ನಂಬಿ ಬದುಕುವಾಗ ಕೇಡು ಒಬ್ಬನಿಗೆ ಮಾತ್ರ ಬರುವುದಿಲ್ಲ. ಮಳೆ ತಪ್ಪಿದ ವರ್ಷ ಯಾರೂ ವಂತಿಗೆ ಕಟ್ಟಲಾರರು. ಬೇನೆಗಳು ಹೆಚ್ಚುವುದೂ ಅದೇ ವರ್ಷ. ೧೮೭೬ರಲ್ಲಿ ನೆರೆಯವನಿಗೆ ಕೊಡಲು ನೆರೆಯವನ ಹಗೇವಿನಲ್ಲಿ ಏನೂ ಇರಲಿಲ್ಲ. ಆದಕಾರಣ ನಿಧಿ ದೊಡ್ಡದಾಗಿರಬೇಕು, ಮಲೆನಾಡೂ ಬಯಲುಸೀಮೆಯೂ ಒಂದರೊಡನೊಂದು ಕೂಡಬೇಕು. ಯಶಸ್ವಿನಿಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ವಾದ ಇದೇ: ಅದು ರಾಜ್ಯಕ್ಕೆಲ್ಲ ಒಂದೇ ನಿಧಿಯಾಗಿದ್ದಿತು. ಸಣ್ಣ ಸಂಘದಲ್ಲಿ ಮಾತಿಗೆ ಬಲವಿದೆ, ನಿಧಿಗಿಲ್ಲ. ದೊಡ್ಡದರಲ್ಲಿ ನಿಧಿಗೆ ಬಲವಿದೆ, ಮಾತಿಗಿಲ್ಲ. ಎರಡನ್ನೂ ಕೂಡಿಸಬೇಕಾದರೆ ಸಂಘ, ಜಿಲ್ಲಾ ಒಕ್ಕೂಟ, ರಾಜ್ಯ ಮಂಡಳಿ ಎಂಬ ಮೆಟ್ಟಿಲುಗಳು ಬೇಕು. ಆಶ್ಚರ್ಯದ ಸಂಗತಿಯೆಂದರೆ ಹಣದ ವಿಷಯದಲ್ಲಿ ನಮ್ಮ ಸಹಕಾರಕ್ಕೆ ಈ ಮೆಟ್ಟಿಲುಗಳು ಹಳೆಯವು. ಪ್ರಾಥಮಿಕ ಸಂಘ, ಜಿಲ್ಲಾ ಮಧ್ಯವರ್ತಿ ಬ್ಯಾಂಕು, ಅಪೆಕ್ಸ್ ಬ್ಯಾಂಕು ಎಂಬ ಸಾಲು ಎಲ್ಲರಿಗೂ ಗೊತ್ತು. ವಂತಿಗೆ ಆ ಮೆಟ್ಟಿಲುಗಳನ್ನು ಹತ್ತಿತು. ಸದಸ್ಯನ ಮಾತು ಹತ್ತಲಿಲ್ಲ.

ಪರದೇಶಗಳ ಚರಿತ್ರೆ ಇಲ್ಲಿ ಕೆಲಮಟ್ಟಿಗೆ ದಾರಿ ತೋರುತ್ತದೆ. ಜರ್ಮನಿಯಲ್ಲಿ ಬಿಸ್ಮಾರ್ಕನು ೧೮೮೩ರಲ್ಲಿ ಕೆಲಸಗಾರರ ಆರೋಗ್ಯವಿಮೆಯನ್ನು ಕಡ್ಡಾಯ ಮಾಡಿದಾಗ ಹಳೆಯ ಸಹಾಯನಿಧಿಗಳನ್ನು ಒಡೆಯಲಿಲ್ಲ. ಅವುಗಳನ್ನು ಶಾಸನದೊಳಗೆ ತಂದನು, ಆಡಳಿತದಲ್ಲಿ ಕೆಲಸಗಾರರ ಪ್ರತಿನಿಧಿಗಳಿಗೆ ಸ್ಥಾನವುಳಿಯಿತು. ಇಂಗ್ಲೆಂಡಿನಲ್ಲಿ ೧೯೧೧ರ ಶಾಸನವು ಸ್ನೇಹಸಂಘಗಳನ್ನು ಮಧ್ಯವರ್ತಿಗಳನ್ನಾಗಿ ಮಾಡಿಕೊಂಡಿತು, ೧೯೪೮ರಲ್ಲಿ ರಾಷ್ಟ್ರೀಯ ಆರೋಗ್ಯಸೇವೆ ಬಂದು ಅವುಗಳನ್ನು ಹೊರಗಿಟ್ಟಿತು. ಜಪಾನಿನ ಹಳ್ಳಿಗಳ ಪರಸ್ಪರ ವೈದ್ಯನಿಧಿಗಳ ಮಾದರಿ ೧೯೩೮ರ ಶಾಸನಕ್ಕೆ ದಾರಿಯಾಯಿತು. ೧೯೬೧ರಲ್ಲಿ ಆ ದೇಶ ಸಾರ್ವತ್ರಿಕ ವಿಮೆಯನ್ನು ಸಾಧಿಸಿತು. ನಮ್ಮ ಕಾಲದ ನಿದರ್ಶನ ಆಫ್ರಿಕದ ರುವಾಂಡಾ. ೧೯೯೯ರಲ್ಲಿ ಪ್ರಯೋಗವಾಗಿ ಆರಂಭವಾದ ಅಲ್ಲಿಯ ಪರಸ್ಪರ ಸಂಘಗಳು ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ಬಹುಪಾಲು ಜನರನ್ನು ಒಳಗೊಂಡುವು. ಆದರೆ ಕೇವಲ ಇಚ್ಛೆಯಿಂದಲ್ಲ: ಸೇರುವುದನ್ನು ಶಾಸನ ಕಡ್ಡಾಯ ಮಾಡಿತು, ಕಡುಬಡವರ ವಂತಿಗೆಯನ್ನು ಸರಕಾರವೂ ಹೊರಗಿನ ದಾನಿಗಳೂ ಕಟ್ಟಿದರು. ೨೦೧೫ರಲ್ಲಿ ಆಡಳಿತ ದೇಶದ ಸಾಮಾಜಿಕ ಭದ್ರತಾ ಮಂಡಳಿಗೆ ಹೋಯಿತು. ಘಾನಾದಲ್ಲಿಯೂ ೨೦೦೩ರ ಶಾಸನ ಜಿಲ್ಲೆಗೊಂದು ಪರಸ್ಪರ ಸಂಘವನ್ನು ಮನ್ನಿಸಿತು, ೨೦೧೨ರ ಶಾಸನ ಅವನ್ನೆಲ್ಲ ಒಂದೇ ಪ್ರಾಧಿಕಾರದಲ್ಲಿ ಕರಗಿಸಿತು. ಸ್ವಂತ ಇಚ್ಛೆಯ ಸಂಘಗಳಿಂದಲೇ ಸಾರ್ವತ್ರಿಕತೆಯನ್ನು ತಲಪಿದ ದೇಶವನ್ನು ನಾವು ಕಾಣೆವು. ಎಲ್ಲ ಕಡೆಯೂ ಕೊನೆಯ ಮೆಟ್ಟಿಲನ್ನು ಹತ್ತಿಸಿದ್ದು ಕಡ್ಡಾಯ ಮತ್ತು ತೆರಿಗೆಯ ಹಣ. ನಮ್ಮ ದೇಶದಲ್ಲಿ ೧೯೪೬ರ ಭೋರ್ ಸಮಿತಿಯೇ ಈ ದಾರಿಯನ್ನು ಹೇಳಿತ್ತು: ಹಣ ಕೊಡಲಾರನೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬುದು ಅದರ ತತ್ತ್ವ. ಆದರೆ ಕೊನೆಯ ಮೆಟ್ಟಿಲಿನ ಮೇಲೆ ಸದಸ್ಯನ ಮಾತು ಉಳಿಯಿತೇ ಎಂಬಲ್ಲಿ ದೇಶದಿಂದ ದೇಶಕ್ಕೆ ಭೇದವಿದೆ. ಜರ್ಮನಿಯಲ್ಲಿ ಉಳಿಯಿತು, ಇಂಗ್ಲೆಂಡಿನಲ್ಲಿ ಉಳಿಯಲಿಲ್ಲ.

ಕರ್ನಾಟಕದಲ್ಲಿ ಆ ಮೆಟ್ಟಿಲನ್ನು ಹತ್ತಿದ ಬಗೆ ವಿಚಾರಾರ್ಹವಾಗಿದೆ. ೨೦೧೮ರ ಮಾರ್ಚ್ ೨ರಂದು ‘ಆರೋಗ್ಯ ಕರ್ನಾಟಕ’ವನ್ನು ಸಾರಲಾಯಿತು, ಯಶಸ್ವಿನಿಯೂ ಬೇರೆ ಹಲವು ಯೋಜನೆಗಳೂ ಅದರಲ್ಲಿ ಅಡಗಿದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಕೇಂದ್ರದ ‘ಆಯುಷ್ಮಾನ್ ಭಾರತ’ದೊಡನೆ ಒಂದಾಯಿತು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಪೂರ್ಣ ಚಿಕಿತ್ಸೆ. ರೇಖೆಯ ಮೇಲಿನವರಿಗೆ ಗೊತ್ತಾದ ವೆಚ್ಚದಲ್ಲಿ ನೂರಕ್ಕೆ ೩೦ ಭಾಗ, ಒಟ್ಟು ಒಂದೂವರೆ ಲಕ್ಷದವರೆಗೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ತುರ್ತಿನ ಹೊರತು ಅಲ್ಲಿಯ ಶಿಫಾರಸು ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಕಾಗದದ ಮೇಲೆ ಇದು ಸಾರ್ವತ್ರಿಕ. ಕಾಗದದಿಂದ ಕೊಲ್ಹಾರಕ್ಕೆ ಇಳಿದು ನೋಡಿದರೆ, ಹೊಲವಿಲ್ಲದ ಕೂಲಿಕಾರನಿಗೂ ಮೊಸರಿನ ಹೆಂಗಸಿಗೂ ಪಡಿತರ ಚೀಟಿಯಿದ್ದರೆ ಹಿಂದೆ ಇಲ್ಲದ ಬಾಗಿಲು ತೆರೆಯಿತು. ಇದು ಸಣ್ಣ ಲಾಭವಲ್ಲ. ಯಶಸ್ವಿನಿಯ ಅಭಿಮಾನಿಗಳು ಇದನ್ನು ಒಪ್ಪಿಕೊಳ್ಳಬೇಕು. ಅದೇ ಓಣಿಯಲ್ಲಿ ಎಂಟೆಕರೆ ಒಣಬೇಸಾಯದ ರೈತನ ಪಾಡು ಬೇರೆಯಾಯಿತು. ರೇಖೆಯ ಮೇಲಿನವನೆಂಬ ಚೀಟಿ ಅವನ ಕೈಯಲ್ಲಿದೆ. ಮಳೆ ಬಂದ ವರ್ಷ ಆ ಮಾತು ನಿಜವೂ ಹೌದು. ನಿನ್ನೆಯವರೆಗೆ ಕೆಲವು ನೂರು ರೂಪಾಯಿ ಕಟ್ಟಿ ಪೂರ್ಣ ಶಸ್ತ್ರಕ್ರಿಯೆ ಪಡೆಯುತ್ತಿದ್ದವನು ಇಂದು ನೂರಕ್ಕೆ ೭೦ ಭಾಗವನ್ನು ತಾನೇ ಹುಡುಕಬೇಕು. ಒಂದು ಲಕ್ಷದ ಶಸ್ತ್ರಕ್ರಿಯೆಯಲ್ಲಿ ಅದು ಎಪ್ಪತ್ತು ಸಾವಿರ. ಅಷ್ಟು ಹಣಕ್ಕೆ ಅವನು ಹೋಗುವುದು ಎಲ್ಲಿಗೆಂದು ೧೯೦೪ರ ಶಾಸನವನ್ನು ಬರೆದವರಿಗೆ ಚೆನ್ನಾಗಿ ತಿಳಿದಿದ್ದಿತು.

ಈ ಬದಲಾವಣೆ ತಪ್ಪೆಂದು ನಾವು ಹೇಳುತ್ತಿಲ್ಲ. ಎರಡು ನಿಧಿಗಳನ್ನು ಒಂದು ಮಾಡುವುದು ಸಾರ್ವತ್ರಿಕತೆಯ ದಾರಿಯೇ ಸರಿ. ನಮ್ಮ ಆಕ್ಷೇಪವೇನೆಂದರೆ, ಹದಿನೈದು ವರ್ಷ ವಂತಿಗೆ ಕಟ್ಟಿದವರನ್ನು ಕೂರಿಸಿ, ‘ನಿಮ್ಮ ನಿಧಿಯನ್ನು ಸೇರಿಸಿಕೊಳ್ಳುತ್ತೇವೆ, ನಿಮಗೆ ಇಂತಿಷ್ಟು ಕಡಿಮೆಯಾಗುತ್ತದೆ, ಇಂಥವರಿಗೆ ಇಂತಿಷ್ಟು ಹೆಚ್ಚುತ್ತದೆ’ ಎಂದು ಹೇಳಬಹುದಾದ ಸಭೆಯೇ ಇರಲಿಲ್ಲ. ನಿಜವಾದ ಪರಸ್ಪರ ಸಂಘವಾಗಿದ್ದರೆ ಅದು ತನ್ನ ಸದಸ್ಯರ ಪರವಾಗಿ ವಾದಿಸುತ್ತಿದ್ದಿತು. ಮೂವತ್ತರ ಬದಲು ಐವತ್ತನ್ನಾದರೂ ಕೇಳುತ್ತಿದ್ದಿತು, ಇಲ್ಲವೆ ವಂತಿಗೆಯಿಂದ ಮಿಕ್ಕ ಭಾಗವನ್ನು ತುಂಬುವ ಪೂರಕ ನಿಧಿಯಾಗಿ ಉಳಿಯುತ್ತಿದ್ದಿತು. ಅಂಥ ಪೂರಕ ಸಂಘಗಳು ಫ್ರಾನ್ಸಿನಲ್ಲಿ ಇಂದಿಗೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿವೆ. ನಮ್ಮ ದೇಶದಲ್ಲಿ ಸದಸ್ಯರೇ ನಡೆಯಿಸುವ ಆರೋಗ್ಯ ಸಂಸ್ಥೆ ಅಸಾಧ್ಯವೆನ್ನುವವರು, ೧೯೫೨ರಲ್ಲಿ ಕಲಕತ್ತೆಯ ವಿದ್ಯಾರ್ಥಿಗಳು ತಮ್ಮ ಚಿಕ್ಕ ಚಂದಾದಿಂದ ಕಟ್ಟಿದ ವಿದ್ಯಾರ್ಥಿ ಆರೋಗ್ಯಗೃಹದ ಚರಿತ್ರೆಯನ್ನು ಒಮ್ಮೆ ನೋಡಬೇಕು. ಈ ಪುಟಗಳನ್ನು ಓದುವ ವಿದ್ಯಾರ್ಥಿಗಳಿ‌ಗೆ ಅದು ರುಚಿಸೀತು.

ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸಹಕಾರಿಗಳ ಒತ್ತಾಯ ನಿಲ್ಲಲಿಲ್ಲ; ೨೦೨೨-೨೩ರ ಆಯವ್ಯಯದಲ್ಲಿ ಬಸವರಾಜ ಬೊಮ್ಮಾಯಿಯವರ ಸರಕಾರ ೩೦೦ ಕೋಟಿ ರೂಪಾಯಿಗಳೊಡನೆ ಯಶಸ್ವಿನಿಯನ್ನು ಮತ್ತೆ ಸಾರಿತು. ನವೆಂಬರಿನಿಂದ ನೋಂದಣಿ, ೨೦೨೩ರ ಜನವರಿ ೧ರಿಂದ ಚಿಕಿತ್ಸೆ. ಗ್ರಾಮದ ನಾಲ್ವರ ಕುಟುಂಬಕ್ಕೆ ೫೦೦ ರೂಪಾಯಿ, ಪಟ್ಟಣದವರಿಗೆ ೧,೦೦೦. ಪರಿಶಿಷ್ಟ ಜಾತಿ ಪಂಗಡಗಳವರ ವಂತಿಗೆ ಸರಕಾರದ್ದು. ಮಿತಿ ವರ್ಷಕ್ಕೆ ಐದು ಲಕ್ಷ. ತಲೆಯ ಬದಲು ಕುಟುಂಬವನ್ನು ಘಟಕವಾಗಿ ಹಿಡಿದದ್ದು ಒಳ್ಳೆಯ ತಿದ್ದುಪಡಿ. ಮನೆಯಲ್ಲಿ ಬೇನೆಯವನೊಬ್ಬನನ್ನು ಮಾತ್ರ ಸೇರಿಸಿ ಮಿಕ್ಕವರನ್ನು ಬಿಡುವ ರೂಢಿಗೆ ಇದು ತಡೆ. ಆದರೆ ನಾವು ಎತ್ತಿದ ಪ್ರಶ್ನೆಯ ಮಟ್ಟಿಗೆ ಹೊಸದೇನೂ ಆಗಲಿಲ್ಲ. ಒಂದು ಆದೇಶದಿಂದ ಹೋದದ್ದು ಇನ್ನೊಂದು ಆದೇಶದಿಂದ ಬಂದಿತು. ಮೂರನೆಯದರಿಂದ ಮತ್ತೆ ಹೋಗಲು ಅಡ್ಡಿಯೇನೂ ಇಲ್ಲ.

ಹೀಗಿರಲು ಸಹಕಾರ ಸಂಘಗಳು ಆರೋಗ್ಯದ ಕ್ಷೇತ್ರದಲ್ಲಿ ಮಾಡಬಹುದಾದ ಕೆಲಸ ಯಾವುದು? ನಿಧಿಯ ಮುಖ್ಯ ಭಾರವನ್ನು ತೆರಿಗೆಯೇ ಹೊರಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಸಂಘಕ್ಕೆ ಉಳಿಯುವುದು ಪೂರಕ ನಿಧಿ, ಮತ್ತು ಅದಕ್ಕಿಂತ ಮುಖ್ಯವಾಗಿ, ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಒಬ್ಬಂಟಿಯಾಗಿ ನಿಂತ ರೋಗಿಯ ಬೆನ್ನಿಗೆ ನಿಲ್ಲುವ ಕೆಲಸ. ‘ಈ ಚಿಕಿತ್ಸೆ ಪಟ್ಟಿಯಲ್ಲಿಲ್ಲ’, ‘ಹಾಸಿಗೆ ಖಾಲಿಯಿಲ್ಲ’, ‘ಔಷಧದ ಹಣ ಬೇರೆ’ ಎಂಬ ಮಾತುಗಳನ್ನು ಒಬ್ಬ ರೈತ ಕೇಳಿಸಿಕೊಂಡು ಸುಮ್ಮನೆ ಬರುತ್ತಾನೆ. ಇನ್ನೂರು ಸದಸ್ಯರ ಸಂಘ ಅದನ್ನು ಬರೆದಿಟ್ಟುಕೊಂಡರೆ ಅದು ದಾಖಲೆಯಾಗುತ್ತದೆ. ಜಿಲ್ಲೆಯ ಸಂಘಗಳೆಲ್ಲ ಬರೆದಿಟ್ಟರೆ ಆಸ್ಪತ್ರೆಗಳ ಪಟ್ಟಿಯನ್ನು ತಿದ್ದುವ ಬಲವಾಗುತ್ತದೆ. ಇದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಶಾಸನದಂತೆ ಪ್ರತಿಯೊಂದು ಸಂಘವೂ ವರ್ಷಕ್ಕೊಮ್ಮೆ ಮಹಾಸಭೆಯನ್ನು ಕರೆಯಲೇಬೇಕು. ಆ ಸಭೆಯ ಕಾರ್ಯಸೂಚಿಯಲ್ಲಿ ಸಾಲ, ವಸೂಲಿ, ಲಾಭಾಂಶಗಳ ಕೆಳಗೆ ಇನ್ನು ಮೂರು ಸಾಲು ಬರೆಯಲು ಸ್ಥಳವಿದೆ: ನಮ್ಮೂರಿನಿಂದ ಈ ವರ್ಷ ಎಷ್ಟು ಜನ ವಂತಿಗೆ ಕಟ್ಟಿದರು, ಎಷ್ಟು ಜನರಿಗೆ ಚಿಕಿತ್ಸೆ ದೊರೆಯಿತು, ಯಾರನ್ನು ಯಾವ ಕಾರಣ ಹೇಳಿ ತಿರುಗಿಸಿ ಕಳುಹಿಸಿದರು.